ಇಪ್ಪತ್ತೈದಕ್ಕೆ ನಿಲ್ಲುವ ಮೋಟಾರು

ನನ್ನ ಸವಾರಿ ಪುಸ್ತಕದಲ್ಲಿ ಏಳು ಕಾಲಂಗಳಿವೆ: ತಾರೀಖು, ಹೊರಟ ಹೊತ್ತು, ದಾರಿ, ಕಿಲೋಮೀಟರ್, ಉಳಿದ ಬ್ಯಾಟರಿ, ಗಾಳಿ, ಜೊತೆಗೆ ಯಾರು. ಆ ವರ್ಷ ಜನವರಿಯಿಂದ ಜೂನ್ ಮೂರನೇ ವಾರದವರೆಗೆ ಅರವತ್ತೊಂದು ಸಲ ಸೈಕಲ್ಲು ಹೊರಗೆ ತೆಗೆದಿದ್ದೇನೆ. ಕೊನೆಯ ಕಾಲಂನಲ್ಲಿ ಅರವತ್ತೊಂದು ಅಡ್ಡಗೆರೆಗಳಿವೆ. ಬೇಡದ ಕಾಲಂ ಅದು, ತೆಗೆದುಹಾಕಬಹುದಿತ್ತು. ತೆಗೆದರೆ ಪುಟದ ಗೆರೆಗಳನ್ನೆಲ್ಲ ಹೊಸದಾಗಿ ಎಳೆಯಬೇಕಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಜಾಗದಲ್ಲಿ ಒಂದು ಹೆಸರು ಬರೆಯುವ ದಿನಕ್ಕಾಗಿ ಕಾಯುತ್ತಿದ್ದೆ.

ಮೊದಲಿನಿಂದ ನಾನು ಒಬ್ಬಳೇ ಸೈಕಲ್ಲು ಹೊಡೆದವಳಲ್ಲ. ವಿಜಯಪುರದಲ್ಲಿ ಸೈಕಲ್ ಓಟದವರಿಗೆಂದು ಇರುವ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಇದ್ದೆ. ಹನ್ನೆರಡು ಹುಡುಗಿಯರು ಬೆಳಿಗ್ಗೆ ಒಂದೇ ಸಾಲಾಗಿ ತಿಕೋಟಾ ರಸ್ತೆಗೆ ಇಳಿಯುತ್ತಿದ್ದೆವು. ಆ ಸಾಲಿಗೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಎಲ್ಲರಿಗಿಂತ ಮುಂದಿರುವವಳು ಎದುರುಗಾಳಿಯನ್ನು ಎದೆಯಿಂದ ಸೀಳಬೇಕು, ಹಿಂದಿನವರು ಅವಳ ಮರೆಯಲ್ಲಿ ಸುಲಭವಾಗಿ ಬರುತ್ತಾರೆ. ಎರಡು ಕಿಲೋಮೀಟರ್ ಕಲ್ಲು ದಾಟಿದ ಮೇಲೆ ಅವಳು ಬಲಕ್ಕೆ ಸರಿದು ಕೊನೆಗೆ ಹೋಗಬೇಕು, ಮುಂದಿನವಳು ಗಾಳಿಗೆ ನಿಲ್ಲಬೇಕು. ಪಾಳಿ ತಪ್ಪಿಸಿಕೊಂಡು ಮರೆಯಲ್ಲೇ ಉಳಿಯುವವಳಿಗೆ ‘ಗಾಳಿಗಳ್ಳಿ’ ಎಂದು ಹೆಸರು ಬೀಳುತ್ತಿತ್ತು. ಒಮ್ಮೆ ಬಿದ್ದ ಹೆಸರು ಊಟದ ಪಂಕ್ತಿಯಲ್ಲೂ ಬಿಡುತ್ತಿರಲಿಲ್ಲ. ಯಾರು ಎಷ್ಟು ಕಲ್ಲು ಗಾಳಿಗೆ ನಿಂತರು ಎಂದು ಲೆಕ್ಕ ಇಡುತ್ತಿದ್ದವಳು ನಾನು. ಅದಕ್ಕೆ ನನ್ನನ್ನು ಹಾಜರಿ ಮೇಡಂ ಎನ್ನುತ್ತಿದ್ದರು.

ಆಮೇಲೆ ಒಂದು ಪಂದ್ಯದಲ್ಲಿ ಮುಂದಿನವಳ ಚಕ್ರಕ್ಕೆ ನನ್ನ ಚಕ್ರ ತಗುಲಿ ಬಿದ್ದೆ. ಎಡ ಮೊಣಕಾಲಿನ ಒಳಗಿನ ಲಿಗಮೆಂಟು ಹರಿಯಿತು. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು, ‘ಕಾಲು ತಿರುಗಲಿ, ಆದರೆ ಒತ್ತಬಾರದು’ ಎಂದರು. ಒತ್ತದೆ ಓಟದ ಸೈಕಲ್ಲು ಓಡುವುದಿಲ್ಲ. ಹಾಸ್ಟೆಲು ಬಿಟ್ಟು ಅದೇ ಊರಿನ ಇಬ್ರಾಹಿಂಪುರದ ಮನೆಗೆ ಬಂದೆ. ಒಣದ್ರಾಕ್ಷಿ ಇಡುವ ಶೀತಲಗೃಹದಲ್ಲಿ ಎರಡು ತಾಸಿಗೊಮ್ಮೆ ಕೋಣೆಗಳ ತಾಪಮಾನ ಬರೆದಿಡುವ ಕೆಲಸ ಸಿಕ್ಕಿತು. ಕೋಣೆಗಳ ನಡುವೆ ಓಡಾಡುವಾಗ ಮಾತನಾಡಲು ಯಾರೂ ಇರುವುದಿಲ್ಲ. ಬಾಗಿಲು ಮುಚ್ಚಿಕೊಳ್ಳುವ ಸದ್ದು ಮಾತ್ರ ಇರುತ್ತದೆ.

ಬ್ಯಾಟರಿಯ ಮೌಂಟೇನ್ ಸೈಕಲ್ಲು ನನಗೆ ಸಿಕ್ಕಿದ್ದು ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿಯಿಂದ. ಗುಡ್ಡ ಹತ್ತಲೆಂದು ಮಾಡಿದ ಸೈಕಲ್ಲು ಅದು. ಇಲ್ಲಿ ನಾಲ್ಕೂ ದಿಕ್ಕಿಗೆ ಬಯಲು. ಇಪ್ಪತ್ತಮೂರು ಕಿಲೋ ತೂಕ, ಎಮ್ಮೆಯ ಕುತ್ತಿಗೆಯಂಥ ದಪ್ಪ ಟೈರು. ಪೆಡಲ್ ತುಳಿದರೆ ಮಾತ್ರ ನಡುವಿನ ಮೋಟಾರು ಕೈಜೋಡಿಸುತ್ತದೆ. ನಾನು ಒಂದು ಪಾಲು ಒತ್ತಿದರೆ ಅದು ಎರಡು ಪಾಲು ಒತ್ತುತ್ತದೆ. ಮೊಣಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಒಂದೇ ಮಿತಿ: ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಮುಟ್ಟಿದೊಡನೆ ಮೋಟಾರು ಕೈಬಿಡುತ್ತದೆ. ಅದರಾಚೆ ಎಷ್ಟು ಹೋಗುತ್ತೀಯೋ ನಿನ್ನ ಕಾಲು, ನಿನ್ನ ಪಾಡು. ಹಾಸ್ಟೆಲಿನ ಹುಡುಗಿಯರು ಗಾಳಿಯಿಲ್ಲದ ದಿನ ಮೂವತ್ತಮೂರರಲ್ಲಿ ಹೋಗುತ್ತಾರೆ.

ಬೇರೆ ಊರುಗಳಲ್ಲಿ ಇಂಥ ಸೈಕಲ್ಲನ್ನು ಜನ ಬೆರಗಿನಿಂದ ನೋಡುತ್ತಾರಂತೆ. ನಮ್ಮ ಕಡೆ ಹೊಲದ ಕೆಲಸದವರಿಗೂ ಓಟದ ಸೈಕಲ್ಲಿನ ಗಾಲಿಯ ಬೆಲೆ ಗೊತ್ತು. ಕಾಲಿನ ಬಲವೇ ಬಲ, ಉಳಿದದ್ದೆಲ್ಲ ಮೋಸ. ತಿಕೋಟಾದ ಚಹಾದ ಅಂಗಡಿಯವರು ಮೊದಲ ದಿನವೇ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದರು.

“ತಂಗಿ, ಕರೆಂಟ ಗಾಡಿಗೆ ಪೆಡಲ್ ಯಾಕ ಇಟ್ಟಾರ? ಕಾಲ ಇಟಗೊಂಡ ಕುಂಡ್ರಾಕೇನ?”

“ತುಳದ್ರಷ್ಟ ಮೋಟಾರ ತಿರಗತೈತ್ರಿ.”

“ಹಂಗಾರ ನೀನ ಡ್ರೈವರ, ನೀನ ಎತ್ತು!”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ದಿನದ ಅಡ್ಡಗೆರೆಯ ಪಕ್ಕ, ‘ಐದು ಜನ ನಕ್ಕರು’ ಎಂದು ಬರೆದಿದ್ದೇನೆ.

ವಾರದಲ್ಲಿ ಎರಡು ದಿನ ಭೂತನಾಳ ಕೆರೆಯ ಏರಿಯ ಹಿಂದಿನ ಬಂಡಿದಾರಿಗಳಲ್ಲಿ ತಿರುಗುತ್ತಿದ್ದೆ. ಮಳೆ ಬಿದ್ದ ಮರುದಿನ ಆ ಕಡೆ ಹೋಗಬಾರದು. ಎರೆಮಣ್ಣು ಟೈರಿಗೆ ರೊಟ್ಟಿಹಿಟ್ಟಿನಂತೆ ಸುತ್ತಿಕೊಂಡು ಚಕ್ರ ತಿರುಗದ ಹಾಗೆ ಮಾಡುತ್ತದೆ, ಇಪ್ಪತ್ತಮೂರು ಕಿಲೋ ಮೂವತ್ತಾಗುತ್ತದೆ. ಮನೆಗೆ ಬಂದ ಮೇಲೆ ಕೆಲಸಕ್ಕೊಂದು ಕ್ರಮ ಇಟ್ಟುಕೊಂಡಿದ್ದೆ. ಮೊದಲು ಬ್ಯಾಟರಿ ಬಿಚ್ಚಿ ಒಳಗೆ ನೆರಳಿನಲ್ಲಿ ಇಡುವುದು. ಮಣ್ಣು ಒಣಗುವ ತನಕ ಮುಟ್ಟದಿರುವುದು. ಒಣಗಿದ ಮೇಲೆ ಕಟ್ಟಿಗೆಯ ಚೂರಿನಿಂದ ಕೆರೆದು ತೆಗೆಯುವುದು, ಪೈಪಿನ ನೀರನ್ನು ಮೋಟಾರಿನ ಕಡೆ ಬಿಡದಿರುವುದು. ಸರಪಳಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಪ್ರತಿ ಕೊಂಡಿಗೆ ಒಂದೊಂದೇ ಹನಿ ಎಣ್ಣೆ. ಮೋಟಾರಿನ ಎಳೆತಕ್ಕೆ ಸರಪಳಿ ಸಾದಾ ಸೈಕಲ್ಲಿಗಿಂತ ಬೇಗ ಸವೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಅಳತೆಪಟ್ಟಿ ಇಟ್ಟು ನೋಡುತ್ತಿದ್ದೆ. ರವಿವಾರ ಮಧ್ಯಾಹ್ನ ಹೀಗೆ ಅಂಗಳದಲ್ಲಿ ಕೂತು ನೂರಾ ಹದಿನಾರು ಕೊಂಡಿಗಳನ್ನು ಎಣಿಸುತ್ತಿದ್ದರೆ ಹೊತ್ತು ಹೋಗುತ್ತಿತ್ತು. ಹೋಗಬೇಕಾದದ್ದೂ ಅದೇ.

ಜೂನ್ ೨೯, ರವಿವಾರ. ಆಷಾಢದ ಗಾಳಿ ಶುರುವಾಗಿತ್ತು. ಈ ದಿನಗಳಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ತಿಕೋಟಾಕ್ಕೆ ಹೋಗುವ ಇಪ್ಪತ್ತು ಕಿಲೋಮೀಟರ್ ಉದ್ದಕ್ಕೂ ನೇರ ಮುಖಕ್ಕೇ. ನಾನು ಇಪ್ಪತ್ತೆರಡರಲ್ಲಿ ಆರಾಮಾಗಿ ಹೋಗುತ್ತಿದ್ದೆ. ಮೋಟಾರಿಗೆ ಗಾಳಿಯ ಪರಿವೆ ಇಲ್ಲ. ಮುಂದೆ ಒಬ್ಬಳು ಓಟದ ಸೈಕಲ್ಲಿನ ಮೇಲೆ ಬಗ್ಗಿ, ತಲೆ ಅಲ್ಲಾಡಿಸುತ್ತ ತುಳಿಯುತ್ತಿದ್ದಳು. ತಲೆ ಅಲ್ಲಾಡಿಸುವ ರೀತಿಯಿಂದಲೇ ಗುರುತು ಸಿಕ್ಕಿತು. ನಾಲ್ಕು ವರ್ಷ ನನ್ನ ಪಕ್ಕದ ಮಂಚದಲ್ಲಿ ಮಲಗಿದವಳು. ನಾನು ಬಿದ್ದ ದಿನ ಪಂದ್ಯ ಮುಗಿಸಿ ಬಂದು ಆಸ್ಪತ್ರೆಯ ಬಾಗಿಲಲ್ಲಿ ಬೂಟು ಕೈಯಲ್ಲಿ ಹಿಡಿದು ನಿಂತವಳು. ಆಮೇಲೆ ಎರಡು ಸಲ ಫೋನು ಮಾಡಿದ್ದಳು, ಮೂರನೆಯದು ಬರಲಿಲ್ಲ. ನಾನೂ ಮಾಡಲಿಲ್ಲ.

ಪಕ್ಕಕ್ಕೆ ಬಂದಾಗ ಅವಳು ನೋಡಿದಳು. ಗಾಳಿಗೆ ಕಣ್ಣಲ್ಲಿ ನೀರಿತ್ತು.

“ಯವ್ವಾ, ಹಾಜರಿ ಮೇಡಂ! ಏನ್ ಬೇ ಇದು, ಟ್ರ್ಯಾಕ್ಟರ ತಂದೀ?”

“ಉಳದಾವರೆಲ್ಲ ಎಲ್ಲಿ?”

“ಕ್ಯಾಂಪಿಗಿ ಹೋಗ್ಯಾರ. ನನ್ನ ಹೆಸರ ಬರಲಿಲ್ಲ.” ಅಷ್ಟು ಹೇಳಿ ಅವಳು ನಾಲ್ಕು ಸಲ ಜೋರಾಗಿ ತುಳಿದಳು. “ನವೆಂಬರದಾಗ ಸ್ಪೋರ್ಟ್ಸ್ ಕೋಟಾ ನೌಕರಿ ಸೆಲೆಕ್ಷನ್ ಐತಿ. ಒಬ್ಬಾಕಿನ ಸಾಯಾಕತ್ತೇನಿ ಈ ಗಾಳ್ಯಾಗ.”

“ಹಿಂದ ಬಾ.”

“ಪಾಳಿ?”

“ಪಾಳಿ ಎಲ್ಲಾ ಮೋಟಾರಂದು. ಬಾ ಸುಮ್ನ.”

ಅವಳು ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡಳು. ಹದಿಮೂರು ಕಲ್ಲು ನಾನೊಬ್ಬಳೇ ಗಾಳಿಗೆ ನಿಂತೆ. ಹಿಂದಿನಿಂದ ಅವಳ ಗೇರು ಬದಲಾಗುವ ಸದ್ದು, ಉಸಿರು, ನಡುನಡುವೆ ಹಳೆಯ ಅಭ್ಯಾಸದಂತೆ ‘ತೆಗ್ಗು ಐತಿ ನೋಡ’ ಎಂಬ ಕೂಗು. ತಿಕೋಟಾದಲ್ಲಿ ಚಹಾ ಕುಡಿದೆವು. ಅಲ್ಲಿಂದ ಬಬಲೇಶ್ವರದ ಕಡೆ ತಿರುಗಿದರೆ ಗಾಳಿ ಪಕ್ಕಕ್ಕೆ ಬರುತ್ತದೆ, ಬಬಲೇಶ್ವರದಿಂದ ಊರಿಗೆ ಬೆನ್ನಿಗೆ. ಅವಳು ಆ ಸುತ್ತು ಹಾಕಲು ಹೊರಟಳು. ಆ ದಾರಿಯಲ್ಲಿ ಅವಳ ವೇಗಕ್ಕೆ ನಾನು ಸಾಲುವುದಿಲ್ಲ. ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ. ಕೊನೆಯ ಕಾಲಂನಲ್ಲಿ ಅವಳ ಹೆಸರು ಬರೆದು ಮುಂದೆ ‘೧೩ ಕಿ.ಮೀ.’ ಎಂದು ಹಾಕಿದೆ.

ಮುಂದಿನ ರವಿವಾರಗಳಲ್ಲಿ ಊರಿನಿಂದಲೇ ಕೂಡಿ ಹೊರಟೆವು. ಜುಲೈ ೬, ಇಪ್ಪತ್ತು ಕಿಲೋಮೀಟರ್, ಸರಾಸರಿ ಇಪ್ಪತ್ತೊಂದು. ಜುಲೈ ೧೩, ಸರಾಸರಿ ಇಪ್ಪತ್ತು. ಅಂದು ಗಾಳಿ ಎಷ್ಟಿತ್ತೆಂದರೆ ಎದುರು ಬಂದ ಮೋಟಾರ್‌ಸೈಕಲ್ಲಿನವನ ಟೋಪಿ ನನ್ನ ಹ್ಯಾಂಡಲಿಗೆ ಬಂದು ಸಿಕ್ಕಿಕೊಂಡಿತು. ಅವಳು ನಕ್ಕು ನಕ್ಕು ಸಾಲು ತಪ್ಪಿದಳು. ಜುಲೈ ೨೦, ಇಪ್ಪತ್ತೊಂದೂವರೆ. ಎಂಟು ದಿನಕ್ಕೆ ಒಂದು ತಾಸು ಅವಳು ನನ್ನ ಹಿಂದೆ ಇರುತ್ತಿದ್ದಳು. ಮಾತು ಹೆಚ್ಚಿರಲಿಲ್ಲ, ಗಾಳಿಯಲ್ಲಿ ಕೇಳುತ್ತಲೂ ಇರಲಿಲ್ಲ. ಆದರೂ ಶೀತಲಗೃಹದ ಕೋಣೆಗಳಲ್ಲಿ ಬುಧವಾರ, ಗುರುವಾರ ಬಂದಾಗ ಅವಳಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದೆ.

ಆಗಸ್ಟ್ ೩, ಇಪ್ಪತ್ತೆರಡೂವರೆ. ಆಗಸ್ಟ್ ೧೦, ಇಪ್ಪತ್ತಮೂರೂವರೆ. ಆಗಸ್ಟ್ ೧೭, ಇಪ್ಪತ್ತನಾಲ್ಕೂವರೆ. ಆ ಮಧ್ಯಾಹ್ನ ಪುಸ್ತಕ ತೆರೆದು ಕೂತಾಗ ಅಂಕಿಗಳು ಏನು ಹೇಳುತ್ತಿವೆ ಎಂದು ಒಮ್ಮೆಲೇ ಕಂಡಿತು. ಗಾಳಿ ಇಳಿಯುತ್ತಿದೆ. ಗಾಳಿ ಇಳಿದಷ್ಟೂ ಅವಳ ವೇಗ ಏರುತ್ತದೆ. ಮುಂದಿನ ರವಿವಾರ ಇಪ್ಪತ್ತೈದು ದಾಟುತ್ತದೆ, ನನ್ನ ಮೋಟಾರು ಕೈಬಿಡುತ್ತದೆ. ನನ್ನ ಜೊತೆಗಾರ್ತಿ ಯಾವ ತಾರೀಖಿಗೆ ಹೋಗುತ್ತಾಳೆ ಎನ್ನುವುದನ್ನು ನಾನೇ ಗೆರೆ ಎಳೆದು ಬರೆದಿಟ್ಟಿದ್ದೆ.

ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಒಬ್ಬ ಚಾಚಾನ ಸೈಕಲ್ ಅಂಗಡಿ ಇದೆ. ಮರುದಿನ ಬ್ರೇಕಿನ ಪ್ಯಾಡು ತರುವ ನೆಪದಲ್ಲಿ ಹೋಗಿ ಕೇಳಿದೆ.

“ಚಾಚಾ, ಇದರ ಸ್ಪೀಡ ಬಿಡಸಾಕ ಬರತೈತೇನು?”

ಅವರು ಕನ್ನಡಕ ಏರಿಸಿ ಹಿಂದಿನ ಚಕ್ರ ತೋರಿಸಿದರು. “ಇಲ್ಲಿ ಕಡ್ಡೀಗೆ ಆಯಸ್ಕಾಂತ ಐತಿ ನೋಡ. ಇದು ಈ ಸೆನ್ಸರ ಮುಂದ ಎಷ್ಟ ಸಲ ಹಾಯತೈತಿ, ಅಷ್ಟ ಸ್ಪೀಡ ಅಂತ ಮೋಟಾರಿಗೆ ತಿಳಿಯೂದು. ಇದನ್ನ ಚಕ್ರದ ಬದಲಿ ಪೆಡಲ್ ಕಡೆ ಹಚ್ಚಿದ್ರ ಮೂವತ್ತರಾಗ ಹೋದ್ರೂ ಹತ್ತ ಅಂತ ತಿಳ್ಕೊಂತೈತಿ.”

“ಹಚ್ಚಿಕೊಡ್ತೀರೇನ್ರಿ?”

“ಹಚ್ಚಂಗಿಲ್ಲ. ಬ್ರೇಕ ಇಪ್ಪತ್ತೈದಕ್ಕ ಮಾಡ್ಯಾರ, ಮೊಣಕಾಲ ಅದಕ್ಕಿಂತ ಕಡಿಮಿಗೆ. ಮೀಟರ ಸುಳ್ಳ ಹೇಳತೈತಿ, ಬ್ಯಾಟರಿ ಅಲ್ಲ. ಲಗೂನ ಖಾಲಿ ಆಕ್ಕೈತಿ. ಪ್ಯಾಡ ತಗೊಂಡ ಮನೀಗಿ ನಡಿ ಬೇಟಿ.”

ಆದರೆ ಹೇಗೆ ಮಾಡಬೇಕೆಂದು ಹೇಳಿಬಿಟ್ಟಿದ್ದರು. ಶನಿವಾರ ಸಂಜೆ ಎರಡು ಸ್ಕ್ರೂ ಬಿಚ್ಚಿ ಸೆನ್ಸರನ್ನು ಮುಂದಕ್ಕೆ ತಿರುಗಿಸಿದೆ, ಆಯಸ್ಕಾಂತವನ್ನು ಎಡ ಪೆಡಲಿನ ತೋಳಿಗೆ ಟೇಪಿನಿಂದ ಸುತ್ತಿದೆ. ಹತ್ತು ನಿಮಿಷದ ಕೆಲಸ. ಇನ್ನು ಮುಂದೆ ಮೀಟರು ತೋರಿಸುವ ಕಿಲೋಮೀಟರ್ ಎಲ್ಲವೂ ತಪ್ಪು ಎಂದು ಗೊತ್ತಿತ್ತು. ಅಲ್ಲಿಯವರೆಗೆ ನನ್ನ ಪುಸ್ತಕದಲ್ಲಿ ಒಂದು ತಪ್ಪು ಅಂಕಿ ಇರಲಿಲ್ಲ. ರಸ್ತೆಯ ಕಲ್ಲು ಎಣಿಸಿ ಬರೆದರಾಯಿತು ಎಂದುಕೊಂಡೆ.

ಆಗಸ್ಟ್ ೨೪. ಜೋಳದ ಗರಿ ಅಲುಗುತ್ತಿರಲಿಲ್ಲ. ಊರು ದಾಟಿದ ಮೇಲೆ ನಾನು ತುಳಿದೆ. ಮೋಟಾರು ಬಿಡದೆ ಒತ್ತುತ್ತಲೇ ಹೋಯಿತು. ದಪ್ಪ ಟೈರುಗಳು ಜೇನಿನಂತೆ ಗುಂಯ್‌ಗುಟ್ಟಿದವು. ಮೀಟರು ಹನ್ನೊಂದು ಎನ್ನುತ್ತಿತ್ತು. ಅವಳು ಪಕ್ಕಕ್ಕೆ ಬಂದು ತನ್ನ ಮೀಟರು ನೋಡಿ ಕೂಗಿದಳು.

“ಮೂವತ್ತಮೂರ! ಇಪ್ಪತ್ತೈದಕ್ಕ ನಿಲ್ಲತೈತಿ ಅಂದಿದ್ದಿ?”

ಇಲ್ಲಿ ನಿಜ ಹೇಳಲು ಒಂದು ಕ್ಷಣ ಇತ್ತು.

“ಮೋಟಾರ ನಿಂತೈತಿ,” ಎಂದೆ. “ಕಾಲ ಬಂದಾವ.”

ಅವಳು ಎರಡೂ ಕೈ ಬಿಟ್ಟು ಚಪ್ಪಾಳೆ ಹೊಡೆದಳು. “ಖರೇನ? ನನ್ನ ಆಣಿ?” ಎಂದಳು. ನಾನು ಮುಂದೆ ನೋಡುತ್ತ ತಲೆಯಾಡಿಸಿದೆ. ತಿಕೋಟಾದಲ್ಲಿ ಚಹಾಕ್ಕೂ ನಿಲ್ಲಲಿಲ್ಲ. ಮೊದಲ ಸಲ ಬಬಲೇಶ್ವರದ ದಾರಿಗೆ ಅವಳ ಜೊತೆ ತಿರುಗಿದೆ. ದ್ರಾಕ್ಷಿ ಪಡಗಳು, ಕಾಲುವೆಯ ಸೇತುವೆ, ಒಂದರ ಹಿಂದೊಂದು ಹಾಯುತ್ತಿದ್ದವು. ಅವಳು ಹಿಂದಿನಿಂದ ಮಾತು ನಿಲ್ಲಿಸಲೇ ಇಲ್ಲ. ಇಪ್ಪತ್ತಮೂರು ಕಿಲೋ ಸೈಕಲ್ಲು ಮೂವತ್ತಮೂರರಲ್ಲಿ ಎಳೆಯುವವಳು ಎಂಟು ಕಿಲೋದ ಸೈಕಲ್ಲಿನಲ್ಲಿ ಎಷ್ಟು ಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಹಾಸ್ಟೆಲಿನ ಕೋಚ್ ಸರ್‌ಗೆ ಇವತ್ತೇ ಹೇಳುತ್ತೇನೆ ಎಂದಳು. ನನ್ನ ಹಳೆಯ ಮಂಚದ ಮೇಲೆ ಈಗ ಎಲ್ಲರ ಬ್ಯಾಗು ಇಡುತ್ತಾರೆ, ತೆಗೆಸುತ್ತೇನೆ ಎಂದಳು. ಆ ಇಪ್ಪತ್ತು ಕಿಲೋಮೀಟರ್ ನನ್ನ ಜೀವನದಲ್ಲಿ ಅತ್ಯಂತ ಸುಖವಾದದ್ದು, ಅತ್ಯಂತ ಕೆಟ್ಟದ್ದು ಕೂಡ. ಹೊರಡುವಾಗ ನೂರಿದ್ದ ಬ್ಯಾಟರಿ ತಿಕೋಟಾದಲ್ಲಿ ಐವತ್ತೈದು, ಬಬಲೇಶ್ವರದ ಬಸ್‌ನಿಲ್ದಾಣದ ಮುಂದೆ ಎಂಟು.

ಊರಿನತ್ತ ತಿರುಗಿ ಐದಾರು ಕಲ್ಲು ಹೋಗುವಷ್ಟರಲ್ಲಿ ಮೋಟಾರು ನಿಂತಿತು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಸೈಕಲ್ಲು ಭಾರವಾಯಿತು. ಎರಡು ಸಲ ಒತ್ತಿದೆ. ಮೊಣಕಾಲಿನೊಳಗೆ ಸೂಜಿ ಚುಚ್ಚಿತು. ಇಳಿದೆ.

ಅವಳು ತಿರುಗಿ ಬಂದಳು. “ಏನಾತು? ಪಂಚರ?” ಎನ್ನುತ್ತ ಬಗ್ಗಿ ಚಕ್ರ ನೋಡಿದಳು. ಪೆಡಲಿನ ತೋಳಿಗೆ ಸುತ್ತಿದ ಕರಿ ಟೇಪು ಕಂಡಿತು. ಮೀಟರು ನೋಡಿದಳು: ನಲವತ್ತೈದು ಕಿಲೋಮೀಟರ್ ಬಂದಿದ್ದಕ್ಕೆ ಬರೀ ಹದಿನಾರು. ಅವಳೂ ನಾಲ್ಕು ವರ್ಷ ಸೈಕಲ್ಲು ಬಿಚ್ಚಿ ಜೋಡಿಸಿದವಳೇ, ವಿವರಿಸುವ ಅಗತ್ಯ ಬೀಳಲಿಲ್ಲ.

“ಕಾಲ ಬಂದಿಲ್ಲ,” ಎಂದಳು.

“ಇಲ್ಲ.”

“ನಾ ಮಂಚದ ತನಾ ಹೋಗಿದ್ದೆ ಬೇ.”

“ಕೇಳಿಸ್ತು.”

“ಹಂಗಾರ ಯಾಕ ಬಾಯಿ ಬಿಡಲಿಲ್ಲ?”

“ಬಿಟ್ಟಿದ್ರ ನೀ ಮುಂದ ಹೋಗ್ತಿದ್ದಿ.”

ಕಬ್ಬಿನ ಟ್ರ್ಯಾಕ್ಟರೊಂದು ಖಾಲಿ ಟ್ರೇಲರ್ ಕುಣಿಸುತ್ತ ಹಾಯ್ದುಹೋಯಿತು. “ಹೌದ, ಹೋಗ್ತಿದ್ದೆ,” ಎಂದಳು ಕೊನೆಗೆ. “ಸೆಲೆಕ್ಷನ್ ಐತಲ್ಲ.”

ಸಾರವಾಡದವರೆಗೆ ಅವಳು ನನ್ನ ಜೊತೆ ನಡೆದಳು. ಅವಳ ಬೂಟಿನ ಅಡಿಯ ಕಬ್ಬಿಣ ರಸ್ತೆಗೆ ಟಕ್ ಟಕ್ ಎನ್ನುತ್ತಿತ್ತು. ಪಕ್ಕದಲ್ಲೇ ಇದ್ದಳು, ಆದರೆ ಅರವತ್ತೊಂದು ಅಡ್ಡಗೆರೆಗಳಲ್ಲಿ ಒಂದು ದಿನವೂ ನನಗೆ ಅಷ್ಟು ಒಂಟಿ ಎನಿಸಿರಲಿಲ್ಲ. ಅವಳ ಕಣ್ಣು ಮೇಲಿಂದ ಮೇಲೆ ಕೈಗಡಿಯಾರಕ್ಕೆ ಹೋಗುತ್ತಿತ್ತು. ಬೇಸಿಗೆಯಿಂದ ಕಟ್ಟಿಕೊಂಡು ಬಂದ ತಯಾರಿಯಲ್ಲಿ ಒಂದು ರವಿವಾರ ನನ್ನಿಂದ ಸೋರಿಹೋಗುತ್ತಿತ್ತು.

“ಹೋಗ ಬೇ,” ಎಂದೆ. “ನಾ ಇಲ್ಲಿಂದ ಗಾಡಿ ಹಿಡೀತೀನಿ.”

“ಸಿಟ್ಟಿಲ್ಲಲ್ಲ?”

“ನಂದೇನ ಸಿಟ್ಟು? ನೀ ಆಗಬೇಕು.”

“ನನಗ ಸಿಟ್ಟ ಐತಿ,” ಎಂದು ಅವಳು ಸೈಕಲ್ಲು ಹತ್ತಿದಳು.

ಊರಿಗೆ ಈರುಳ್ಳಿ ಒಯ್ಯುತ್ತಿದ್ದ ಗಾಡಿಯವರು ಸೈಕಲ್ಲನ್ನು ಚೀಲಗಳ ಮೇಲೆ ಹಾಕಿಕೊಂಡರು. ಮನೆಗೆ ಬಂದು ಟೇಪು ಕಿತ್ತು ಆಯಸ್ಕಾಂತವನ್ನು ಅದರ ಕಡ್ಡಿಗೇ ಹಚ್ಚಿದೆ. ಮೂರು ದಿನ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟೆ. ಅವಳಿಗೆ ಬರೆಯಬೇಕೆಂದು ದಿನಾ ಫೋನು ಕೈಗೆ ತೆಗೆದುಕೊಂಡೆ. ಕ್ಷಮೆ ಕೇಳುವ ಮಾತುಗಳು ಒಂದೂ ನಿಲ್ಲಲಿಲ್ಲ. ಶುಕ್ರವಾರ ಕೋಣೆಗಳ ನಡುವಿನ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ: ತಿಕೋಟಾ ಇಪ್ಪತ್ತು ಕಿಲೋಮೀಟರ್. ಇಪ್ಪತ್ತನಾಲ್ಕರಲ್ಲಿ ನನಗೆ ಐವತ್ತು ನಿಮಿಷ, ಮೂವತ್ತಮೂರರಲ್ಲಿ ಅವಳಿಗೆ ಮೂವತ್ತಾರು. ಅಷ್ಟನ್ನೇ ಬರೆದು ಕಳಿಸಿದೆ. ‘ರವಿವಾರ ನಾನು ಹದಿನಾಲ್ಕು ನಿಮಿಷ ಮೊದಲು ಬಿಡುತ್ತೇನೆ. ಬೇಕಾದರೆ ಹಿಡಿ.’

ಉತ್ತರ ಬರಲಿಲ್ಲ.

ಆಗಸ್ಟ್ ೩೧. ಐದು ಐವತ್ತೊಂದಕ್ಕೆ ಹೊರಟೆ. ಅವಳು ಆರೂ ಐದಕ್ಕೆ ಬಿಡಬೇಕು, ಬಿಡುವುದಾದರೆ. ರಸ್ತೆ ಖಾಲಿ ಇತ್ತು. ಇಪ್ಪತ್ತನಾಲ್ಕಕ್ಕಿಂತ ಮೇಲೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ನಾಲ್ಕನೇ ಕಲ್ಲು, ಏಳನೇ ಕಲ್ಲು, ಹತ್ತು. ತೊಗರಿ ಹೊಲದಲ್ಲಿ ಕುರಿಯವರು ಎದ್ದು ಕಂಬಳಿ ಕೊಡವುತ್ತಿದ್ದರು. ಹದಿನಾರನೇ ಕಲ್ಲಿನ ಹತ್ತಿರ ಹಿಂದೆ ಗೇರು ಬದಲಾದ ಸದ್ದು ಕೇಳಿತು. ಲೆಕ್ಕದ ಪ್ರಕಾರ ಇನ್ನೂ ನಾಲ್ಕು ಕಿಲೋಮೀಟರ್ ಮುಂದೆ ಕೇಳಬೇಕಾದದ್ದು.

“ಹದಿನಾಕ ಯಾರ ಹೇಳಿದ್ರ ನಿನಗ?” ಅವಳು ಪಕ್ಕಕ್ಕೆ ಬಂದು ಏದುಸಿರು ಬಿಡುತ್ತ ಕೂಗಿದಳು. “ಲೆಕ್ಕ ಹಾಕಾಕಿ ನೀ ಅಲ್ಲ? ಮುಂದ ಒಂದ ಹಿಡಿಯೂದು ಐತಿ ಅಂದ್ರ ಕಾಲ ಜೋರ ತಿರಗತಾವ ಬೇ. ಮುಂದಿನ ವಾರ ಹದಿನೆಂಟ ನಿಮಿಷ ಮೊದಲ ಬಿಡ!”

“ಚಹಾ?”

“ಇಲ್ಲ, ಸುತ್ತ ಹಾಕಬೇಕು!”

ಅವಳ ಮುಖದಲ್ಲಿ ಸಿಟ್ಟು ಇತ್ತೋ ಹೋಗಿತ್ತೋ ನೋಡುವಷ್ಟು ಹೊತ್ತು ಸಿಗಲಿಲ್ಲ. ಬಗ್ಗಿ ತಲೆ ಅಲ್ಲಾಡಿಸುತ್ತ ಹೋದಳು. ಅವಳ ಹಳದಿ ಅಂಗಿ ಹದಿನೇಳನೇ ಕಲ್ಲಿನ ಏರಿನವರೆಗೆ ಕಾಣುತ್ತಿತ್ತು, ಆಮೇಲೆ ಇಳಿಜಾರಿಗೆ ಇಳಿಯಿತು. ತಿಕೋಟಾ ಇನ್ನೂ ಮೂರು ಕಿಲೋಮೀಟರ್ ಇತ್ತು.